ಕಲೆಯೋ ಕಳೆಯೋ? ಗುಂಪಿಗೆ ಮಿಂಚಂಚೆ ಬರೆಯುವ ಮುನ್ನ

ತಿಕೋಟಾ ತೋಟಗಾರ
ಭಾನುವಾರ, ಬೆಳಿಗ್ಗೆ 7:40

ಎಲ್ಲರಿಗೂ ಶರಣು. ನಮ್ಮ ಭಾಗದ ದ್ರಾಕ್ಷಿ, ದಾಳಿಂಬೆ ಬೆಳೆಗಾರರ ಮಿಂಚಂಚೆ ಗುಂಪೊಂದನ್ನು ನಾನು ಮತ್ತು ಇನ್ನಿಬ್ಬರು ನೋಡಿಕೊಳ್ಳುತ್ತೇವೆ. ಹೋದ ವಾರ ಅಲ್ಲೊಂದು ಎಡವಟ್ಟು ಆಯಿತು. ಎಡವಿದವರಲ್ಲಿ ನಾನೇ ಮೊದಲಿಗನಾದ್ದರಿಂದ ನಾನೇ ಬರೆಯುತ್ತಿದ್ದೇನೆ.

ಬೆಳೆಗಾರರೊಬ್ಬರು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು ಒಂದು ಸಾಲಿನ ಪ್ರಶ್ನೆ ಕೇಳಿದ್ದರು: ತೋಟದಲ್ಲಿ ‘ಕೆ ಎ ಎಲ್ ಇ’ ವಿಪರೀತ ಆಗಿದೆ, ಏನು ಹೊಡೆಯಬೇಕು? ವಿಷಯದ ಸಾಲಿನಲ್ಲಿ ‘ಅರ್ಜೆಂಟ್’ ಎಂಬುದೊಂದೇ ಪದ. ಬೆಳೆ ಯಾವುದು, ಊರು ಯಾವುದು, ಒಂದೂ ಇಲ್ಲ. ಆಗಷ್ಟೇ ಮಳೆ ನಿಂತಿತ್ತು, ನನ್ನ ತೋಟದಲ್ಲಿ ಮೊಣಕಾಲೆತ್ತರ ಹುಲ್ಲು ಎದ್ದಿತ್ತು. ಹಾಗಾಗಿ ನನ್ನ ಕಣ್ಣಿಗೆ ಅದು ‘ಕಳೆ’ ಎಂದೇ ಕಂಡಿತು. ಸಾಲುಗಳ ನಡುವೆ ಕುಂಟೆ ಹೊಡೆಸಿ ಎಂದು ಉತ್ತರ ಹಾಕಿದೆ. ನನ್ನ ಉತ್ತರ ನೋಡಿದ ಕಬ್ಬು ಬೆಳೆಗಾರರೊಬ್ಬರು ತಾವು ಬಳಸುವ ಟೂ ಫೋರ್ ಡಿ ಕಳೆನಾಶಕದ ಹೆಸರು ಬರೆದರು. ಕಬ್ಬಿನ ಮಟ್ಟಿಗೆ ಅದು ಸರಿಯಾದ ಉತ್ತರವೇ. ಆದರೆ ಕೇಳಿದವರದು ದ್ರಾಕ್ಷಿ ತೋಟ, ಅವರು ಹೇಳಲು ಹೊರಟಿದ್ದು ಎಲೆಯ ಮೇಲಿನ ‘ಕಲೆ’.

ದ್ರಾಕ್ಷಿ ಬೆಳೆಯದವರಿಗೆ ಒಂದು ಮಾತು: ಟೂ ಫೋರ್ ಡಿಯನ್ನು ಪಕ್ಕದ ಹೊಲದಲ್ಲಿ ಹೊಡೆದರೂ ಗಾಳಿಯಲ್ಲಿ ತೇಲಿ ಬಂದು ಬಳ್ಳಿಯ ಎಲೆಯನ್ನು ಬೀಸಣಿಗೆಯಂತೆ ಮುರುಟಿಸುತ್ತದೆ. ಅದನ್ನು ನೇರವಾಗಿ ಬಳ್ಳಿಗೇ ಹೊಡೆದಿದ್ದರೆ? ಪುಣ್ಯಕ್ಕೆ ಅವರು ಔಷಧಿ ತರುವ ಮೊದಲು ನನಗೊಂದು ಕರೆ ಮಾಡಿದರು.

ಅಂದಿನಿಂದ ಯೋಚಿಸುತ್ತಿದ್ದೇನೆ. ಕೇಳಿದವರ ತಪ್ಪು ಎಷ್ಟು, ಕೇಳದೆ ಊಹಿಸಿ ಉತ್ತರಿಸಿದ ನನ್ನ ತಪ್ಪು ಎಷ್ಟು? ಗುಂಪಿಗೆ ಬರೆಯಲು ನಾಲ್ಕು ಕಟ್ಟಳೆ ಮಾಡೋಣ ಎಂದುಕೊಂಡಿದ್ದೇನೆ. ನಿಮ್ಮ ಗುಂಪುಗಳಲ್ಲಿ ಏನು ಮಾಡುತ್ತೀರಿ ಹೇಳಿ.


ಖಾನಾಪುರದ ಮಳೆ
ಭಾನುವಾರ, ಬೆಳಿಗ್ಗೆ 8:15

ಅಣ್ಣನವರೇ, ಕಟ್ಟಳೆಯನ್ನು ಹೊಸದಾಗಿ ಮಾಡಬೇಕಿಲ್ಲ. 1995ರ ಅಕ್ಟೋಬರ್‌ನಲ್ಲೇ ಇಂಟೆಲ್ ಕಂಪನಿಯ ಸ್ಯಾಲಿ ಹ್ಯಾಂಬ್ರಿಜ್ ಅವರು ಆರ್‌ಎಫ್‌ಸಿ 1855 ಎಂಬ ಅಂತರ್ಜಾಲ ಶಿಷ್ಟಾಚಾರದ ಕಡತದಲ್ಲಿ ಇದನ್ನೆಲ್ಲ ಬರೆದಿಟ್ಟಿದ್ದಾರೆ. ವಿಷಯದ ಸಾಲು ಒಳಗಿನ ವಿಷಯವನ್ನೇ ಹೇಳಬೇಕು. ಉತ್ತರಿಸುವಾಗ ಹಳೆಯ ಪತ್ರವನ್ನು ಪೂರ್ತಿ ಹೊತ್ತು ತರದೆ ಬೇಕಾದಷ್ಟು ಸಾಲು ಮಾತ್ರ ಉಳಿಸಬೇಕು. ಕೊನೆಯ ಸಹಿ ನಾಲ್ಕು ಸಾಲು ಮೀರಬಾರದು. ಸಿಟ್ಟು ಬಂದಾಗ ಬರೆದ ಉತ್ತರವನ್ನು ಒಂದು ರಾತ್ರಿ ಇಟ್ಟು ಕಳಿಸಬೇಕು. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆದರೆ ಕೂಗಾಡಿದಂತೆ ಎಂಬ ಮಾತೂ ಅದರಲ್ಲಿದೆ. (ಕನ್ನಡಕ್ಕೆ ದೊಡ್ಡಕ್ಷರವೇ ಇಲ್ಲವಾದ್ದರಿಂದ ನಾವು ಕೆಂಪು ಬಣ್ಣ ಮತ್ತು ಏಳೆಂಟು ಆಶ್ಚರ್ಯಸೂಚಕ ಚಿಹ್ನೆಗಳಿಂದ ಕೂಗುತ್ತೇವೆ.)

ಅದರಲ್ಲೇ ಇರುವ ಇನ್ನೊಂದು ಸಲಹೆ: ಗುಂಪಿಗೆ ಸೇರಿದ ಮೇಲೆ ಒಂದೆರಡು ತಿಂಗಳು ಸುಮ್ಮನೆ ಓದಿ, ಆಮೇಲೆ ಬರೆಯಿರಿ.


ಇಂಡಿಯ ಹೊಸಬ
ಭಾನುವಾರ, ಬೆಳಿಗ್ಗೆ 8:22

ಎರಡು ತಿಂಗಳು ಓದುತ್ತ ಕುಳಿತರೆ ನನ್ನ ಗೊನೆ ಕಾಯುತ್ತದೆಯೇ ಸರ್? ಚಾಟ್ನಿ (ಬಳ್ಳಿ ಸವರುವುದು) ಆದ ಮೇಲೆ ಎರಡು ದಿನ ತಡ ಮಾಡಿದರೆ ಹೋಯಿತು.


ಖಾನಾಪುರದ ಮಳೆ
ಭಾನುವಾರ, ಬೆಳಿಗ್ಗೆ 8:31

ಅದೂ ನಿಜವೇ. ಆ ಸಲಹೆ ಬರೆದವರ ಮುಂದೆ ಗಣಕಯಂತ್ರವಿತ್ತು, ದ್ರಾಕ್ಷಿ ಬಳ್ಳಿ ಇರಲಿಲ್ಲ. ಎರಡು ತಿಂಗಳು ಬೇಡ ತಮ್ಮಾ. ಗುಂಪಿನ ಹಳೆಯ ಪತ್ರಗಳಲ್ಲಿ ಹತ್ತು ನಿಮಿಷ ಹುಡುಕು ಸಾಕು, ನಿನ್ನ ಪ್ರಶ್ನೆಯನ್ನು ಹೋದ ವರ್ಷವೇ ಯಾರಾದರೂ ಕೇಳಿರುತ್ತಾರೆ.


ಡೋಣಿ ದಂಡೆ
ಭಾನುವಾರ, ಬೆಳಿಗ್ಗೆ 9:05

ಹುಡುಕಿದರೆ ಸಿಗಬೇಕಲ್ಲ! ಅಲ್ಲೇ ಇರುವುದು ತೊಡಕು. ನಮ್ಮ ಗುಂಪಿನಲ್ಲಿ ಅರ್ಧ ಜನ ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ, ಇನ್ನರ್ಧ ಇಂಗ್ಲಿಷ್ ಲಿಪಿಯಲ್ಲಿ. ಅದರಲ್ಲೂ ಒಬ್ಬೊಬ್ಬರ ಕಾಗುಣಿತ ಒಂದೊಂದು. ‘ದ್ರಾಕ್ಷಿ’ ಎಂಬ ಪದವನ್ನೇ ಐದು ಬಗೆಯಲ್ಲಿ ಬರೆದಿದ್ದನ್ನು ನೋಡಿದ್ದೇನೆ. ಮೂರನೆಯ ಪಂಗಡವೊಂದಿದೆ: ಹಳೆಯ ನುಡಿ, ಬರಹ ಅಕ್ಷರಶೈಲಿಯಲ್ಲಿ ಟೈಪು ಮಾಡಿ, ಯೂನಿಕೋಡ್‌ಗೆ ಬದಲಿಸದೆ ಹಾಗೇ ಅಂಟಿಸುವವರು. ಅವರ ಕಂಪ್ಯೂಟರಿನಲ್ಲಿ ಅದು ಮುದ್ದಾದ ಕನ್ನಡ, ನಮ್ಮ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಕೊಂಬು, ಸೊನ್ನೆ ಕುಳಿತ ಜಾತ್ರೆ. ನಾಲ್ಕನೆಯವರು ಕಾಗದದ ಮೇಲೆ ಬರೆದು ಅದರ ಫೋಟೊ ಹಾಕುತ್ತಾರೆ. ಕೈಬರಹ ಚೆನ್ನಾಗಿಯೇ ಇರುತ್ತದೆ, ಹುಡುಕಾಟಕ್ಕೆ ಮಾತ್ರ ಸಿಗುವುದಿಲ್ಲ.

ಈಗಿನ ಮೊಬೈಲುಗಳಲ್ಲಿ ಕನ್ನಡ ಕೀಲಿಮಣೆ ಇದ್ದೇ ಇರುತ್ತದೆ. ಟೈಪು ಬಾರದವರು ಮೈಕಿನ ಗುರುತು ಒತ್ತಿ ಮಾತಾಡಿದರೆ ತಾನೇ ಬರೆದುಕೊಳ್ಳುತ್ತದೆ. ಅದು ಬರೆದದ್ದನ್ನು ಕಳಿಸುವ ಮುನ್ನ ಒಮ್ಮೆ ಓದಿ ನೋಡಬೇಕು, ಏಕೆಂದರೆ ಆ ಯಂತ್ರವೂ ‘ಕಲೆ’, ‘ಕಳೆ’ಯಲ್ಲಿ ನಮ್ಮ ಹಾಗೆಯೇ ಎಡವುತ್ತದೆ.


ಬನಹಟ್ಟಿ ಮಗ್ಗ
ಭಾನುವಾರ, ಬೆಳಿಗ್ಗೆ 10:20

ನಾನು ನೇಕಾರರ ಮನೆಯವಳು. ನಮ್ಮದೂ ಒಂದು ಮಿಂಚಂಚೆ ಗುಂಪು ಇದೆ: ನೂಲಿನ ದರ, ಬಣ್ಣ, ಮಗ್ಗದ ಬಿಡಿಭಾಗ, ಇಂತಹ ಮಾತುಗಳು. ನನ್ನ ಮೊದಲ ದೂರು ಎಂದರೆ ಎಲ್ಲರೂ ನನ್ನನ್ನು ‘ಸರ್’ ಎನ್ನುತ್ತಾರೆ. ಹೆಸರು ನೋಡಿದರೆ ಗೊತ್ತಾಗುತ್ತದೆ, ಆದರೂ ‘ಸರ್’. ಉತ್ತರ ಕೊಡುವವರೆಲ್ಲ ಗಂಡಸರೇ ಎಂದು ಯಾರು ಹೇಳಿದರೋ!

ಎರಡನೆಯದು ‘ಧನ್ಯವಾದ’ದ ಮಳೆ. ಒಮ್ಮೆ ಬಣ್ಣ ಬಿಡುವ ನೂಲಿನ ಬಗ್ಗೆ ಉದ್ದದ ಉತ್ತರ ಬರೆದೆ. ಅದಕ್ಕೆ ಮೂವತ್ತಕ್ಕೂ ಹೆಚ್ಚು ಜನ ‘ಧನ್ಯವಾದ’, ‘ಉತ್ತಮ ಮಾಹಿತಿ’ ಎಂದು ಇಡೀ ಗುಂಪಿಗೆ ಉತ್ತರಿಸಿದರು. ಪ್ರತಿಯೊಂದರ ಕೆಳಗೂ ನನ್ನ ಇಡೀ ಪತ್ರ ಮತ್ತೆ ಜೋತುಬಿದ್ದಿತ್ತು. ಆ ರಾಶಿಯಲ್ಲಿ ಒಬ್ಬರು ಅದೇ ಪತ್ರಗಳ ಎಳೆಯಲ್ಲಿ ವಿಷಯದ ಸಾಲನ್ನೂ ಬದಲಿಸದೆ ‘ನಾಳೆ ಕರೆಂಟ್ ಇಲ್ಲವಂತೆ’ ಎಂದು ಬರೆದಿದ್ದರು. ಅದನ್ನು ಯಾರೂ ನೋಡಲಿಲ್ಲ. ಮರುದಿನ ಕೂಲಿಯವರೆಲ್ಲ ಬಂದು ಪವರ್‌ಲೂಮಿನ ಮುಂದೆ ಸುಮ್ಮನೆ ಕುಳಿತರು. ಒಂದು ಬಣ್ಣದ ಹಾಸಿನ ನೂಲಿಗೆ (ಉದ್ದದ ಎಳೆಗಳಿಗೆ) ಬೇರೆ ಬಣ್ಣದ ಎಳೆ ಸೇರಿಸಿದರೆ ಮಗ್ಗದ ಮೇಲೆ ಕೂಡಲೇ ಕಾಣುತ್ತದೆ. ಮಿಂಚಂಚೆಯಲ್ಲಿ ಕಾಣುವುದಿಲ್ಲ, ಅದೇ ಕಷ್ಟ.


ನಿವೃತ್ತ ಮಾಸ್ತರ, ಬಾಗಲಕೋಟೆ
ಭಾನುವಾರ, ಬೆಳಿಗ್ಗೆ 11:02

ತಾಯಿ, ‘ಸರ್’ ಎಂದದ್ದಕ್ಕೆ ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಧನ್ಯವಾದದ ವಿಷಯದಲ್ಲಿ ನನ್ನದೊಂದು ತಕರಾರು ಇದೆ. ಆ ಕಡೆಯ ದೇಶದವರ ಕಟ್ಟಳೆಯನ್ನು ಹಾಗೇ ತಂದರೆ ನಮ್ಮ ಜನಕ್ಕೆ ಒಗ್ಗುವುದಿಲ್ಲ. ಮನೆಗೆ ಬಂದವರಿಗೆ ಮೊದಲು ನೀರು ಕೊಟ್ಟು ಆಮೇಲೆ ಬಂದ ಕೆಲಸ ಕೇಳುವವರು ನಾವು. ಶರಣು ಎನ್ನದೆ ನೇರವಾಗಿ ‘ಬೆಳೆ: ದಾಳಿಂಬೆ, ರೋಗ: ಇಂಥದ್ದು’ ಎಂದು ಶುರು ಮಾಡಿದರೆ ಪೊಲೀಸ್ ಠಾಣೆಯ ಪಂಚನಾಮೆಯಂತೆ ಕೇಳಿಸುತ್ತದೆ. ಉಪಕಾರ ಪಡೆದವನು ಬಾಯಿ ಬಿಡದೆ ಹೋದರೆ ಮುಂದಿನ ಸಲ ಅವನಿಗೆ ಉತ್ತರ ಕೊಡುವ ಮನಸ್ಸು ಯಾರಿಗೆ ಬರುತ್ತದೆ?

ನಾನು ಅಂಚೆ ಕಾರ್ಡಿನ ಕಾಲದವನು. ಕಾರ್ಡಿನಲ್ಲಿ ಜಾಗವೇ ಇಲ್ಲ. ಆದರೂ ಮೇಲೆ ‘ಕ್ಷೇಮ’ ಎಂದು ಬರೆದು, ಕೆಳಗೆ ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ ತಿಳಿಸಿ, ನಡುವಿನ ಆರು ಸಾಲಿನಲ್ಲಿ ಮದುವೆಯ ಮಾತುಕತೆಯನ್ನೇ ಮುಗಿಸುತ್ತಿದ್ದೆವು.


ಬನಹಟ್ಟಿ ಮಗ್ಗ
ಭಾನುವಾರ, ಬೆಳಿಗ್ಗೆ 11:30

ಮಾಸ್ತರರೇ, ಒಂದು ಸಾಲು ಶರಣು ಇರಲಿ, ನನಗೂ ಅದು ಬೇಕು. ಧನ್ಯವಾದವೂ ಬೇಡ ಎನ್ನುತ್ತಿಲ್ಲ. ಅದನ್ನು ನನಗೊಬ್ಬಳಿಗೇ ಕಳಿಸಿ ಎನ್ನುತ್ತೇನೆ. ಇಲ್ಲವೇ ಒಂದು ವಾರ ಬಿಟ್ಟು, ‘ಅಕ್ಕಾ, ನೀವು ಹೇಳಿದಂತೆ ಮಾಡಿದೆ, ಕೆಂಪು ನಿಂತಿತು, ಹಸಿರು ಇನ್ನೂ ಬಿಡುತ್ತಿದೆ’ ಎಂದು ಇಡೀ ಗುಂಪಿಗೆ ಬರೆಯಿರಿ. ಮೂವತ್ತು ಧನ್ಯವಾದಗಳಲ್ಲಿ ಒಬ್ಬರೂ ಹಸಿರಿನ ಸುದ್ದಿ ಹೇಳಲಿಲ್ಲ. ನಾನು ಹೇಳಿದ ರೀತಿ ಹಸಿರಿಗೆ ನಡೆಯುವುದಿಲ್ಲ ಎಂದು ನನಗೆ ತಿಳಿದದ್ದು ಆರು ತಿಂಗಳ ಮೇಲೆ, ಅದೂ ಸಂತೆಯಲ್ಲಿ.


ಖಾನಾಪುರದ ಮಳೆ
ಭಾನುವಾರ, ಮಧ್ಯಾಹ್ನ 12:10

ಅಕ್ಕನವರು ಹೇಳಿದ್ದಕ್ಕೆ ಹಳೆಯ ಮೇಲ್ಪಂಕ್ತಿ ಇದೆ. ಸನ್ ಕಂಪನಿಯ ಗಣಕಯಂತ್ರಗಳನ್ನು ನೋಡಿಕೊಳ್ಳುವವರಿಗಾಗಿ ‘ಸನ್ ಮ್ಯಾನೇಜರ್ಸ್’ ಎಂಬ ಮಿಂಚಂಚೆ ಗುಂಪು ಇತ್ತು. ಅಲ್ಲಿ ಪ್ರಶ್ನೆ ಮಾತ್ರ ಎಲ್ಲರಿಗೂ ಹೋಗುತ್ತಿತ್ತು, ಉತ್ತರಗಳು ಕೇಳಿದವನ ವಿಳಾಸಕ್ಕೆ ನೇರವಾಗಿ ಬರುತ್ತಿದ್ದವು. ಕೇಳಿದವನು ಅವನ್ನೆಲ್ಲ ಓದಿ, ಯಾವುದು ಫಲಿಸಿತು ಎಂದು ನೋಡಿ, ವಿಷಯದ ಸಾಲಿನಲ್ಲಿ ‘ಸಾರಾಂಶ’ ಎಂಬ ಪದ ಹಾಕಿ ಎಲ್ಲರಿಗೂ ಒಂದೇ ಪತ್ರ ಬರೆಯಬೇಕಿತ್ತು. ಉತ್ತರಿಸಿದವರಿಗೆ ಧನ್ಯವಾದವೂ ಅದರಲ್ಲೇ.


ತಿಕೋಟಾ ತೋಟಗಾರ
ಭಾನುವಾರ, ಮಧ್ಯಾಹ್ನ 12:40

ಇದು ಬಹಳ ಹಿಡಿಸಿತು. ಆದರೆ ಉತ್ತರಗಳೆಲ್ಲ ಒಬ್ಬರಿಗೇ ಹೋಗುವುದು ನಮ್ಮಲ್ಲಿ ಬೇಡ. ಆ ಟೂ ಫೋರ್ ಡಿ ಉತ್ತರ ಗುಂಪಿಗೆ ಬಂದದ್ದರಿಂದಲೇ ನನ್ನ ಕಣ್ಣಿಗೆ ಬಿತ್ತು. ಅವರ ವಿಳಾಸಕ್ಕೆ ಮಾತ್ರ ಹೋಗಿದ್ದರೆ ತಿದ್ದುವವರು ಯಾರು? ಉತ್ತರ ಎಲ್ಲರೆದುರು ಇರಲಿ, ಧನ್ಯವಾದ ಒಬ್ಬರಿಗೆ ಹೋಗಲಿ, ಫಲಿತಾಂಶ ಮತ್ತೆ ಎಲ್ಲರಿಗೂ ಬರಲಿ.


ಹುನಗುಂದ ದಾಳಿಂಬೆ
ಭಾನುವಾರ, ಮಧ್ಯಾಹ್ನ 2:15

ಎಲ್ಲರೂ ಪ್ರಶ್ನೆ ಕೇಳುವವರ ಮೇಲೆ ಬಿದ್ದಿದ್ದೀರಿ. ಉತ್ತರ ಕೊಡುವವರ ಕಿವಿಯನ್ನೂ ಸ್ವಲ್ಪ ಹಿಂಡಬೇಕು. ಹೋದ ವರ್ಷ ಬಹಾರ್‌ಗೆ (ಹೂ ಬಿಡುವ ಹಂಗಾಮಿಗೆ) ಮುನ್ನ ಗಿಡ ಸವರಿದ ಮೇಲೆ ಬೋರ್ಡೋ ಎಂಬ ಶಿಲೀಂಧ್ರನಾಶಕ ದ್ರಾವಣದ ಪ್ರಮಾಣ ಕೇಳಿದ್ದೆ. ಒಬ್ಬ ಹಿರಿಯರು ‘ಮೈಲುತುತ್ತ ಒಂದು ಕಿಲೊ, ಸುಣ್ಣ ಒಂದು ಕಿಲೊ’ ಎಂದು ಬರೆದರು. ಮುಗಿಯಿತು. ಎಷ್ಟು ನೀರಿಗೆ? ನಮ್ಮಲ್ಲಿ ಎಲ್ಲರ ಬಳಿಯೂ ಇರುವುದು 200 ಲೀಟರಿನ ಬ್ಯಾರಲ್. ಅದರ ಲೆಕ್ಕವೇ ಇರಬೇಕು ಎಂದುಕೊಂಡು ಬ್ಯಾರಲ್ ತುಂಬಿಸಿದೆ. ಶೇ 1ರ ದ್ರಾವಣಕ್ಕೆ ನೀರು 100 ಲೀಟರ್. ನಾನು ಹೊಡೆದದ್ದು ಅರ್ಧದಷ್ಟು ಸಪ್ಪೆಯಾದದ್ದು. ಆಮೇಲೆ ಕೇಳಿದರೆ ‘ಅದು ಎಲ್ಲರಿಗೂ ಗೊತ್ತಿರುವುದೇ’ ಎಂದರು. ಎಲ್ಲರಿಗೂ ಗೊತ್ತಿದ್ದರೆ ನಾನೇಕೆ ಕೇಳುತ್ತಿದ್ದೆ?

ಅವರು ಇನ್ನೊಂದನ್ನೂ ಬಿಟ್ಟಿದ್ದರು. ದ್ರಾವಣ ಹುಳಿಯಾಗಿ ಉಳಿದಿದೆಯೇ ಎಂದು ನೋಡಲು ಉಜ್ಜಿದ ಕಬ್ಬಿಣದ ಕುಡುಗೋಲನ್ನು ಅದರಲ್ಲಿ ಅದ್ದಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಬೇಕು. ಇದನ್ನು ನನಗೆ ಹೇಳಿದ್ದು ನನ್ನ ತಾಯಿ, ಗುಂಪಲ್ಲ.

ಉತ್ತರ ಕೊಡುವವರು ಅಳತೆಯ ಜೊತೆ ನೀರಿನ ಲೆಕ್ಕವನ್ನೂ ಬರೆಯಬೇಕು. ತಾವೇ ಮಾಡಿ ನೋಡಿದ್ದೋ, ಯಾರೋ ಹೇಳಿದ್ದೋ, ಅದನ್ನೂ ಬರೆಯಬೇಕು. ಔಷಧಿ ಅಂಗಡಿ ಇಟ್ಟವರು ತಮ್ಮ ಅಂಗಡಿಯಲ್ಲಿರುವ ಡಬ್ಬದ ಹೆಸರು ಹೇಳುವಾಗ ‘ಇದನ್ನು ನಾನೇ ಮಾರುತ್ತೇನೆ’ ಎಂದು ಒಂದು ಮಾತು ಸೇರಿಸಲಿ. ಮಾರಬಾರದು ಎಂದಲ್ಲ, ನಮಗೆ ತಿಳಿದಿರಲಿ ಎಂದು.


ಮುಧೋಳ ಕಬ್ಬು
ಭಾನುವಾರ, ಮಧ್ಯಾಹ್ನ 3:00

ನನ್ನದು ನಾಚಿಕೆಯ ಕಥೆ, ಬೇಗ ಹೇಳಿ ಮುಗಿಸುತ್ತೇನೆ. ಗುಂಪಿನಲ್ಲಿದ್ದ ಸಂಬಂಧಿಕರೊಬ್ಬರಿಗೆ ‘ಕಾಕಾ, ಕಬ್ಬಿನ ಬಿಲ್ಲು ಇನ್ನೂ ಬಂದಿಲ್ಲ, ನಲವತ್ತು ಸಾವಿರ ಕೈಗಡ ಬೇಕಿತ್ತು’ ಎಂದು ಬರೆದೆ. ಉತ್ತರ ಎಂದು ಒತ್ತಿದರೆ ಅವರೊಬ್ಬರಿಗೇ ಹೋಗುತ್ತದೆ ಎಂದುಕೊಂಡಿದ್ದೆ. ಆ ಗುಂಪಿನಲ್ಲಿ ‘ಉತ್ತರ’ ಎಂದರೆ ಎಲ್ಲರಿಗೂ. ಗೋಲಗುಮ್ಮಟದ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ ಹಾಗಾಯಿತು. ಕಾಕಾ ದುಡ್ಡು ಕೊಟ್ಟರು. ಆದರೆ ಬೀಗರ ಮನೆಯವರೂ ಆ ಗುಂಪಿನಲ್ಲಿದ್ದರು.


ಖಾನಾಪುರದ ಮಳೆ
ಭಾನುವಾರ, ಮಧ್ಯಾಹ್ನ 3:25

ಕೆಲವು ಗುಂಪುಗಳಲ್ಲಿ ಉತ್ತರ ಬರೆದವರಿಗೆ ಹೋಗುತ್ತದೆ, ಕೆಲವುಗಳಲ್ಲಿ ಗುಂಪಿಗೆ. ಅದನ್ನು ನಿರ್ವಾಹಕರು ಹೊಂದಿಸಿರುತ್ತಾರೆ. ಕಳಿಸುವ ಮುನ್ನ ‘ಗೆ’ (ಇಂಗ್ಲಿಷಿನಲ್ಲಿ ‘ಟು’) ಎಂಬ ಸಾಲಿನಲ್ಲಿ ಯಾರ ವಿಳಾಸ ಇದೆ ಎಂದು ನೋಡುವುದೊಂದೇ ದಾರಿ.

ಚಿತ್ರಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಜಿಮೇಲ್‌ನಲ್ಲಿ ಲಗತ್ತಿನ ಮಿತಿ 25 ಎಂಬಿ. ಲಗತ್ತು ಮಿಂಚಂಚೆಯೊಳಗೆ ಹೋಗುವಾಗ ಅಕ್ಷರಗಳಾಗಿ ಬದಲಾಗಿ ಮೂರನೇ ಒಂದರಷ್ಟು ಉಬ್ಬುತ್ತದೆ. ಮೇಲ್‌ಮ್ಯಾನ್ ಎಂಬ ಹಳೆಯ ತಂತ್ರಾಂಶದಲ್ಲಿ ನಡೆಯುವ ಗುಂಪುಗಳಲ್ಲಂತೂ ನಿರ್ವಾಹಕರು ಬದಲಿಸದಿದ್ದರೆ ಒಂದು ಪತ್ರಕ್ಕೆ 40 ಕೆಬಿ ಮಾತ್ರ. ನಿಮ್ಮ ಮೊಬೈಲಿನ ಒಂದು ಫೋಟೊ ಅದರ ನೂರು ಪಟ್ಟು ಇರಬಹುದು. ಹೊಲದ ಎಂಟು ಫೋಟೊ ಬೇಡ. ಕಲೆ ಇರುವ ಒಂದು ಎಲೆ, ಹತ್ತಿರದಿಂದ, ನೆರಳಿನಲ್ಲಿ ತೆಗೆದದ್ದು, ಗಾತ್ರ ಇಳಿಸಿ ಕಳಿಸಿ.

ದಿನದ ಪತ್ರಗಳನ್ನೆಲ್ಲ ಒಂದೇ ಕಂತೆಯಾಗಿ ತರಿಸಿಕೊಳ್ಳುವವರಿಗೆ ಒಂದು ಬೇಡಿಕೆ: ಕಂತೆಗೆ ಉತ್ತರ ಒತ್ತಿದರೆ ವಿಷಯದ ಸಾಲಿನಲ್ಲಿ ಕಂತೆಯ ಸಂಖ್ಯೆ ಬರುತ್ತದೆ, ಕೆಳಗೆ ಹದಿನೈದು ಪತ್ರ ನೇತಾಡುತ್ತವೆ. ಎರಡನ್ನೂ ಅಳಿಸಿ, ನಿಮಗೆ ಬೇಕಾದ ಪತ್ರದ ವಿಷಯವನ್ನು ಬರೆದು ಕಳಿಸಿ.


ಡೋಣಿ ದಂಡೆ
ಭಾನುವಾರ, ಸಂಜೆ 4:10

ಉತ್ತರವನ್ನು ಹಳೆಯ ಪತ್ರದ ಮೇಲೆ ಬರೆಯಬೇಕೋ ಕೆಳಗೋ?


ಖಾನಾಪುರದ ಮಳೆ
ಭಾನುವಾರ, ಸಂಜೆ 4:12

ಅದನ್ನು ಕೆದಕಬೇಡಿ. ಅದರ ಮೇಲೆ ಮೂವತ್ತು ವರ್ಷದಿಂದ ಜಗಳ ನಡೆದಿದೆ. ಹಳೆಯದನ್ನು ಕತ್ತರಿಸಿ ಎರಡು ಸಾಲು ಮಾತ್ರ ಉಳಿಸಿದರೆ ಮೇಲಾದರೇನು, ಕೆಳಗಾದರೇನು.


ನಿವೃತ್ತ ಮಾಸ್ತರ, ಬಾಗಲಕೋಟೆ
ಭಾನುವಾರ, ಸಂಜೆ 5:00

ವಾಟ್ಸ್‌ಆ್ಯಪ್ ಇರುವಾಗ ಈ ಮಿಂಚಂಚೆಯ ಗೊಡವೆ ಏಕೆ ಎಂದು ನನ್ನ ಮೊಮ್ಮಗಳು ಕೇಳುತ್ತಿದ್ದಾಳೆ.


ತಿಕೋಟಾ ತೋಟಗಾರ
ಭಾನುವಾರ, ಸಂಜೆ 5:20

ನಾವೂ ಎರಡು ವರ್ಷ ವಾಟ್ಸ್‌ಆ್ಯಪಿನಲ್ಲೇ ಇದ್ದೆವು ಮಾಸ್ತರರೇ. ಬೆಳಗಿನ ಶುಭೋದಯ, ದೇವರ ಚಿತ್ರ, ನಡುವೆ ಒಂದು ರೋಗದ ಪ್ರಶ್ನೆ, ಅದಕ್ಕೆ ಉತ್ತರ ಬರುವಷ್ಟರಲ್ಲಿ ಯಾರದೋ ಹುಟ್ಟುಹಬ್ಬ. ಹೊಸದಾಗಿ ಸೇರಿದವರಿಗೆ ಹಿಂದಿನ ಉತ್ತರಗಳು ಕಾಣುತ್ತಿರಲಿಲ್ಲ, ಹೀಗಾಗಿ ಪ್ರತಿ ಅಕ್ಟೋಬರ್ ಚಾಟ್ನಿಗೆ ಅದೇ ಹತ್ತು ಪ್ರಶ್ನೆ, ಅದೇ ಹತ್ತು ಉತ್ತರ. ಮಿಂಚಂಚೆಯಲ್ಲಿ ಒಮ್ಮೆ ಚೆನ್ನಾಗಿ ಬರೆದ ಉತ್ತರ ನಾಲ್ಕು ವರ್ಷದ ನಂತರವೂ ಕೆಲಸಕ್ಕೆ ಬರುತ್ತದೆ. ಅದಕ್ಕೇ ವಿಷಯದ ಸಾಲಿನ ಬಗ್ಗೆ ನನ್ನ ಇಷ್ಟು ಹಟ. ‘ಅರ್ಜೆಂಟ್’ ಎಂದು ಹುಡುಕಿದರೆ ನಮ್ಮ ಗುಂಪಿನ ಅರ್ಧ ಪತ್ರಗಳು ಎದ್ದು ಬರುತ್ತವೆ.


ಇಂಡಿಯ ಹೊಸಬ
ಭಾನುವಾರ, ಸಂಜೆ 6:05

ಎಲ್ಲವನ್ನೂ ಓದಿದೆ. ಈಗ ಹೇಳಿಬಿಡುತ್ತೇನೆ: ಆ ‘ಕೆ ಎ ಎಲ್ ಇ’ ಪ್ರಶ್ನೆ ಕೇಳಿದವನು ನಾನೇ. ಕರೆ ಮಾಡಿದ್ದೂ ನಾನೇ, ಅಣ್ಣನವರು ನನ್ನ ಹೆಸರು ಎತ್ತದೆ ಮಾನ ಕಾಪಾಡಿದ್ದಾರೆ. ಅಂದು ಹೊಲದಲ್ಲಿ ನಿಂತು, ಕೈಯೆಲ್ಲ ಔಷಧಿ, ಹೆಬ್ಬೆರಳೊಂದರಲ್ಲೇ ಬರೆದಿದ್ದೆ.

ಅವರು ಕರೆಯಲ್ಲಿ ಹೇಳಿದಂತೆ ಒಂದು ಸಿಂಪಡಣೆ ಮಾಡಿದೆ. ಕೆಳಗಿನ ಎಲೆಗಳಲ್ಲಿ ನಿಂತಿದೆ, ತುದಿಯ ಎಲೆಗಳಿಗೆ ಹೊಸದಾಗಿ ಬಂದಿದೆ. ಮತ್ತೆ ಕೇಳಬೇಕಾಗಿದೆ. ಇಲ್ಲಿ ಹಾಕುತ್ತೇನೆ, ತಿದ್ದಿ ಕೊಡಿ, ಆಮೇಲೆ ಗುಂಪಿಗೆ ಕಳಿಸುತ್ತೇನೆ.

ವಿಷಯ: ದ್ರಾಕ್ಷಿ ಎಲೆಗೆ ರೋಗ, ದಯವಿಟ್ಟು ಬೇಗ ತಿಳಿಸಿ


ಬನಹಟ್ಟಿ ಮಗ್ಗ
ಭಾನುವಾರ, ಸಂಜೆ 6:20

ತಮ್ಮಾ, ದ್ರಾಕ್ಷಿಯ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಅದಕ್ಕೇ ನಾನು ಕೇಳುವುದು ಸರಿ. ಕಲೆ ಯಾವ ಬಣ್ಣದ್ದು? ಯಾವಾಗ ಕಂಡಿತು? ಈವರೆಗೆ ಏನೇನು ಹೊಡೆದಿದ್ದೀಯ? ನನ್ನಂತಹವಳಿಗೂ ಕಣ್ಣಿಗೆ ಕಟ್ಟುವ ಹಾಗೆ ಬರೆ.


ಇಂಡಿಯ ಹೊಸಬ
ಭಾನುವಾರ, ಸಂಜೆ 7:15

ವಿಷಯ: ದ್ರಾಕ್ಷಿ, ಥಾಮ್ಸನ್ ತಳಿ, ಚಾಟ್ನಿ ಆಗಿ 32 ದಿನ, ತುದಿಯ ಎಲೆಗಳಲ್ಲಿ ಹಳದಿ ಕಲೆ (ಕಳೆ ಅಲ್ಲ)

ಎಲ್ಲರಿಗೂ ಶರಣು. ಇಂಡಿ ತಾಲ್ಲೂಕು, ಎರಡು ಎಕರೆ, ಡಾಗ್ರಿಜ್ ತಳಿಯ ಬೇರಿನ ಮೇಲೆ ಕಸಿ. ಚಾಟ್ನಿ ಆದ ಕೂಡಲೇ ಶೇ 1ರ ಬೋರ್ಡೋ ಹೊಡೆದಿದ್ದೇನೆ. 23ನೇ ದಿನ ಮ್ಯಾಂಕೋಜೆಬ್ ಶಿಲೀಂಧ್ರನಾಶಕ, ಲೀಟರ್ ನೀರಿಗೆ 2 ಗ್ರಾಂ. ಆಮೇಲೆ ಮೂರು ದಿನ ಮಳೆ, ಈಗ ಬೆಳಿಗ್ಗೆ ಇಬ್ಬನಿ. 27ನೇ ದಿನ ಕೆಳಗಿನ ಎಲೆಗಳಲ್ಲಿ ಎಣ್ಣೆ ಬಿದ್ದಂತಹ ಹಳದಿ ಕಲೆ ಕಂಡಿತು, ಮರುದಿನ ಒಂದು ಸಿಂಪಡಣೆ ಮಾಡಿದೆ, ಅದರ ಹೆಸರು, ಪ್ರಮಾಣ ಡಬ್ಬದ ಚಿತ್ರದಲ್ಲಿದೆ. ಈಗ ತುದಿಯ ಐದಾರು ಎಲೆಗಳಿಗೆ ಬಂದಿದೆ, ಗೊನೆಗೆ ಇನ್ನೂ ಬಂದಿಲ್ಲ. ಮತ್ತೆ ಅದನ್ನೇ ಹೊಡೆಯಬೇಕೋ, ಬೇರೆಯದನ್ನೋ? ಒಂದು ಎಲೆಯ ಚಿತ್ರ, ಡಬ್ಬದ ಚಿತ್ರ ಲಗತ್ತಿಸಿದ್ದೇನೆ. ಹೊಡೆದ ಮೇಲೆ ಏನಾಯಿತು ಎಂದು ಮುಂದಿನ ಭಾನುವಾರ ಬರೆಯುತ್ತೇನೆ.


ನಿವೃತ್ತ ಮಾಸ್ತರ, ಬಾಗಲಕೋಟೆ
ಭಾನುವಾರ, ಸಂಜೆ 7:22

ಶರಣು ಇದೆ. ಪಂಚನಾಮೆಯಂತೆ ಕೇಳಿಸುತ್ತಿಲ್ಲ. ಕಳಿಸಪ್ಪಾ.


ತಿಕೋಟಾ ತೋಟಗಾರ
ಭಾನುವಾರ, ಸಂಜೆ 7:30

ತಡೆ ತಮ್ಮಾ. ಚಿತ್ರದಲ್ಲಿ ಎಲೆಯ ಮೇಲ್ಭಾಗ ಮಾತ್ರ ಇದೆ. ಎಣ್ಣೆ ಕಲೆ ಎಂದರೆ ಡೌನಿ ಎಂಬ ಬೂಜು ರೋಗ ಇರಬಹುದು, ಅದು ಖಚಿತವಾಗುವುದು ಎಲೆಯ ಹಿಂಬದಿಯಲ್ಲಿ. ಬೆಳಿಗ್ಗೆ ಇಬ್ಬನಿ ಆರುವ ಮೊದಲು ಅದೇ ಕಲೆಯ ಹಿಂದೆ ಬಿಳಿ ಬೂಸ್ಟು ಇದೆಯೇ ನೋಡು. ಆ ಚಿತ್ರವಿಲ್ಲದೆ ಉತ್ತರಿಸಿದರೆ ನಾನು ಮತ್ತೆ ಊಹೆ ಮಾಡಿದಂತೆ. ಒಮ್ಮೆ ಮಾಡಿದ್ದು ಸಾಕು.


ಇಂಡಿಯ ಹೊಸಬ
ಭಾನುವಾರ, ಸಂಜೆ 7:34

ಆಗಲಿ ಅಣ್ಣನವರೇ, ನಾಳೆ ಬೆಳಿಗ್ಗೆ ಆರಕ್ಕೆ ತೆಗೆದು ಕಳಿಸುತ್ತೇನೆ. ನಿಮಗೊಬ್ಬರಿಗೋ, ಗುಂಪಿಗೋ?


ತಿಕೋಟಾ ತೋಟಗಾರ
ಭಾನುವಾರ, ಸಂಜೆ 7:35

ಗುಂಪಿಗೆ. ಗಾತ್ರ ಇಳಿಸಿ.